ಪಾಲಿಹೌಸಿನೊಳಗಿನ ದುಡಿಮೆ: ಆರೋಗ್ಯವೂ ವಿಮೆಯೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಪ್ರಯಾಣ ಮಾಡಿದವರಿಗೆ ಹೊಲಗಳ ನಡುವೆ ಬೆಳ್ಳಗೆ ಹೊಳೆಯುವ ಪ್ಲಾಸ್ಟಿಕ್ ಮನೆಗಳು ಕಾಣದೆ ಇರುವುದಿಲ್ಲ. ಗುಲಾಬಿ, ಜರ್ಬೆರಾ, ದಪ್ಪ ಮೆಣಸಿನಕಾಯಿ, ಸೌತೆ ಮುಂತಾದವು ಅಲ್ಲಿ ವರ್ಷವಿಡೀ ಬೆಳೆಯುತ್ತವೆ. ಮದುವೆಯ ಮಂಟಪಕ್ಕೆ ಬರುವ ಹೂವಿನಲ್ಲಿ ಇಂಥ ಮನೆಗಳದ್ದೂ ಇರುತ್ತದೆ. ಈ ಪತ್ರಿಕೆಯನ್ನು ಓದುವ ಭಕ್ತರಲ್ಲಿ ಪಾಲಿಹೌಸು ಕಟ್ಟಿಸಿದ ರೈತರೂ ಇದ್ದಾರೆ, ಅಲ್ಲಿಗೆ ದಿನಗೂಲಿಗೆ ಹೋಗುವ ತಾಯಂದಿರೂ ಇದ್ದಾರೆ. ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಚೈತ್ರದ ಬಿಸಿಲಿನಲ್ಲಿ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಸುಮಾರು ನಲವತ್ತು ವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಜೊತೆಯವರು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ತಲೆಸುತ್ತು, ವಾಂತಿ, ಮೈಯೆಲ್ಲ ಬೆವರು. "ಪಾಲಿಹೌಸಿನಲ್ಲಿ ಬಿಸಿಲು ಬಡಿದಿದೆ ಡಾಕ್ಟ್ರೇ" ಎಂದರು. ನಾವೂ ಹಾಗೆಯೇ ತಿಳಿದೆವು. ಪಿತ್ತಪ್ರಕೋಪವೆಂದು ಲಾವಂಚದ ನೀರು, ಎಳನೀರು ಕೊಡಿಸಿ ಮನೆಯಲ್ಲಿ ಮಲಗಿಸಿ ಎಂದು ಕಳುಹಿಸಿದೆವು. ರಾತ್ರಿಯಾಗುವ ವೇಳೆಗೆ ಬಾಯಲ್ಲಿ ಜೊಲ್ಲು ಸುರಿದು ಉಸಿರಾಟ ಕಟ್ಟಿ ಆಕೆಯನ್ನು ಜಿಲ್ಲಾಸ್ಪತ್ರೆಗೆ ಒಯ್ಯಬೇಕಾಯಿತು. ಬೆಳಿಗ್ಗೆಯಿಂದ ಆಕೆ ಮಾಡಿದ್ದು ಕೀಟನಾಶಕ ಸಿಂಪಡಿಸುವವನ ಹಿಂದೆ ಪೈಪು ಎಳೆಯುವ ಕೆಲಸ. ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ನಾವು ಅದನ್ನು ಬೆವರೆಂದುಕೊಂಡೆವು, ಕೇಳಲಿಲ್ಲ. ಕಣ್ಣಿನ ಪಾಪೆಯನ್ನೂ ನೋಡಲಿಲ್ಲ. ಆರು ದಿನಗಳ ಚಿಕಿತ್ಸೆಯ ನಂತರ ಆಕೆ ಉಳಿದಳು. ಆ ಪುಣ್ಯ ಜಿಲ್ಲಾಸ್ಪತ್ರೆಯ ವೈದ್ಯರದು.

ಆಸ್ಪತ್ರೆಯಲ್ಲಿ ನಡೆದ ಇನ್ನೊಂದು ಸಂಗತಿ ನಮಗೆ ಆಮೇಲೆ ತಿಳಿಯಿತು. ಕರೆದೊಯ್ದವರು ಗಾಬರಿಯಲ್ಲಿ "ಔಷಧಿ ಆಗಿದೆ ಸಾರ್" ಎಂದಿದ್ದರು. ನಮ್ಮ ಹಳ್ಳಿಗಳಲ್ಲಿ ಕೀಟನಾಶಕಕ್ಕೂ ಔಷಧಿಯೆಂದೇ ಹೆಸರು. "ಔಷಧಿ ಹೊಡೆದೆ" ಎಂದರೆ ಸಿಂಪಡಿಸಿದೆ ಎಂದರ್ಥ, "ಔಷಧಿ ಕುಡಿದ" ಎಂದರೆ ಪ್ರಾಣ ಕಳೆದುಕೊಳ್ಳಲು ಹೊರಟ ಎಂದರ್ಥ. ದಾಖಲೆಯಲ್ಲಿ "ವಿಷ ಸೇವನೆ" ಎಂದು ಬರೆಯಲಾಯಿತು. ಪೊಲೀಸರು ಬಂದು ಗಂಡನನ್ನು ಮನೆಯಲ್ಲಿ ಜಗಳವಾಗಿತ್ತೇ ಎಂದು ಕೇಳಿದರು. ಆಕೆ ಎಚ್ಚರವಾಗಿ ತಾನೇ ವಿಷಯ ಹೇಳಿದ್ದರಿಂದ ದಾಖಲೆ ತಿದ್ದಲಾಯಿತು. ಎಚ್ಚರವಾಗದೇ ಹೋಗಿದ್ದರೆ? ಆಕೆಯ ಬ್ಯಾಂಕ್ ಖಾತೆಯಿಂದ ಅಪಘಾತ ವಿಮೆಗೆಂದು ಆಗ ವರ್ಷಕ್ಕೆ 12 ರೂಪಾಯಿ ಕಡಿತವಾಗುತ್ತಿತ್ತು. ಆತ್ಮಹತ್ಯೆಗೆ ಆ ವಿಮೆ ಅನ್ವಯಿಸುವುದಿಲ್ಲ. ಒಂದು ಮಾತಿನ ಗೊಂದಲದಿಂದ ಮಕ್ಕಳಿಗೆ ಸಲ್ಲಬೇಕಾದ 2 ಲಕ್ಷ ರೂಪಾಯಿಯೂ ಹೋಗುತ್ತಿತ್ತು, ಮನೆತನದ ಮೇಲೆ ಅಪವಾದವೂ ಉಳಿಯುತ್ತಿತ್ತು.

ತೆರೆದ ಹೊಲದಲ್ಲಿ ಔಷಧಿ ಹೊಡೆಯುವುದಕ್ಕೂ ಪಾಲಿಹೌಸಿನಲ್ಲಿ ಹೊಡೆಯುವುದಕ್ಕೂ ಬಹಳ ಅಂತರವಿದೆ. ಮೇಲೆ ಸಾಮಾನ್ಯವಾಗಿ 200 ಮೈಕ್ರಾನ್ ದಪ್ಪದ ಹಾಳೆ, ಪಕ್ಕದಲ್ಲಿ ಪರದೆ. ಗಾಳಿಯಾಡುವುದು ಕಡಿಮೆ, ತೇವ ಹೆಚ್ಚು, ಹೊರಗಿಗಿಂತ ಒಳಗೆ ಹಲವು ಡಿಗ್ರಿ ಹೆಚ್ಚು ಬಿಸಿ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಆರದ ಬೆವರಿನಿಂದ ದೇಹ ತಂಪಾಗುವುದಿಲ್ಲ. ಬಿಸಿಯೇರಿ ಒದ್ದೆಯಾದ ಚರ್ಮ ವಿಷವನ್ನು ಬೇಗ ಹೀರಿಕೊಳ್ಳುತ್ತದೆ. ಮಳೆ ಬಿದ್ದು ಎಲೆ ತೊಳೆಯುವುದಿಲ್ಲ, ನೇರ ಬಿಸಿಲಿನ ತೀಕ್ಷ್ಣ ಕಿರಣಗಳನ್ನು ಹಾಳೆ ತಡೆಯುತ್ತದೆ. ಆದ್ದರಿಂದ ಎಲೆಯ ಮೇಲಿನ ಅಂಶ ಹೊಲದಲ್ಲಿರುವುದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಹೊಡೆದವನಿಗಷ್ಟೇ ಅಲ್ಲ, ಮರುದಿನ ಕುಡಿ ಚಿವುಟಲು, ಹೂ ಕೊಯ್ಯಲು ಬರುವವಳಿಗೂ ಅಪಾಯವಿರುವುದು ಇದರಿಂದಲೇ.

ಬಿಸಿಲಾಘಾತಕ್ಕೂ ಕೀಟನಾಶಕದ ವಿಷಕ್ಕೂ ಆರಂಭದ ಲಕ್ಷಣಗಳು ಒಂದೇ: ತಲೆನೋವು, ತಲೆಸುತ್ತು, ವಾಕರಿಕೆ, ನಿತ್ರಾಣ. ಆದರೆ ಬಿಸಿಲಾಘಾತ ತೀವ್ರವಾದಾಗ ಮೈ ಕಾದ ಹಂಚಿನಂತಿರುತ್ತದೆ, ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, ರೋಗಿ ಅಸಂಬದ್ಧವಾಗಿ ಮಾತನಾಡುತ್ತಾನೆ. ಆರ್ಗನೋಫಾಸ್ಫರಸ್ ವರ್ಗದ ಕೀಟನಾಶಕ ಏರಿದಾಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕಣ್ಣು ಮಂಜಾಗುತ್ತದೆ, ಜೊಲ್ಲು, ಕಣ್ಣೀರು, ಬೆವರು ಒಟ್ಟಿಗೆ ಸುರಿಯುತ್ತವೆ, ಹೊಟ್ಟೆ ನುಲಿದು ಭೇದಿಯಾಗುತ್ತದೆ, ಸ್ನಾಯುಗಳು ಅದುರುತ್ತವೆ, ಎದೆ ಬಿಗಿಯುತ್ತದೆ. ಅನುಮಾನವಿದ್ದರೆ ವಿಷವೆಂದೇ ತಿಳಿದು ನಡೆಯಬೇಕು. ಎರಡೂ ತುರ್ತು ಸ್ಥಿತಿಗಳೇ.

ಇಲ್ಲಿ ಆಯುರ್ವೇದ ವೈದ್ಯರಾಗಿ ನಾವು ಸ್ಪಷ್ಟವಾಗಿ ಹೇಳಬೇಕು: ಇಂಥ ರೋಗಿಯನ್ನು ನಮ್ಮಲ್ಲಿಗೆ ತರಬೇಡಿ. ಅಗದತಂತ್ರ ನಮ್ಮ ಶಾಸ್ತ್ರದ ಎಂಟು ಅಂಗಗಳಲ್ಲೊಂದು, ನಿಜ. ಆದರೆ ಈ ರಾಸಾಯನಿಕಗಳಿಗೆ ಪ್ರತಿವಿಷವೆಂದರೆ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಅಟ್ರೋಪಿನ್ ಮುಂತಾದ ಔಷಧಗಳು, ಬೇಕಾದರೆ ಕೃತಕ ಉಸಿರಾಟ. ತುಪ್ಪ, ಹಾಲು, ಹುಣಸೆಹುಳಿ, ಸಗಣಿನೀರು ಯಾವುದನ್ನೂ ಕುಡಿಸಬಾರದು. ವಾಂತಿ ಮಾಡಿಸಲೂಬಾರದು, ಅರೆಪ್ರಜ್ಞೆಯವನಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ಪಾಲಿಹೌಸಿನಿಂದ ಹೊರಗೆ ಗಾಳಿಗೆ ತನ್ನಿ. ತೊಯ್ದ ಬಟ್ಟೆ ತೆಗೆದು ಕೂದಲು, ಉಗುರಿನ ಸಂದು ಸೇರಿ ಮೈಯನ್ನು ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಿ. ಹೆಣ್ಣುಮಕ್ಕಳ ವಿಷಯದಲ್ಲಿ ಸಂಕೋಚದಿಂದ ಒದ್ದೆ ಸೀರೆಯಲ್ಲೇ ಸಾಗಿಸುವುದುಂಟು. ದಾರಿಯುದ್ದಕ್ಕೂ ಆ ಸೀರೆಯಿಂದ ವಿಷ ಇಳಿಯುತ್ತಲೇ ಇರುತ್ತದೆ. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಸಿಂಪಡಿಸಿದ ದ್ರಾವಣದ ಡಬ್ಬಿಯನ್ನೋ ಅದರ ಲೇಬಲ್ಲನ್ನೋ ಜೊತೆಗೆ ಒಯ್ಯಿರಿ. ಲೇಬಲ್ಲಿನ ಮೇಲಿನ ತ್ರಿಕೋನ ಕೆಂಪಾದರೆ ಅತ್ಯಂತ ವಿಷಕಾರಿ, ಹಳದಿಯಾದರೆ ತೀವ್ರ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. ಹಸಿರೆಂದರೆ ವಿಷವೇ ಅಲ್ಲವೆಂದು ತಿಳಿಯಬಾರದು. ವೈದ್ಯರ ಮುಂದೆ "ಔಷಧಿ" ಎಂಬ ಮಾತನ್ನೇ ಬಿಡಿ. "ಇಂಥ ಪಾಲಿಹೌಸಿನಲ್ಲಿ, ಇಷ್ಟು ಗಂಟೆಗೆ, ಇಂಥ ಕೀಟನಾಶಕ ಸಿಂಪಡಿಸುವ ಕೆಲಸ ಮಾಡುವಾಗ ಮೈಮೇಲೆ ಬಿದ್ದು, ಗಾಳಿಯಲ್ಲಿ ಒಳಹೋಗಿ ಹೀಗಾಯಿತು" ಎಂದು ಹೇಳಿ, ದಾಖಲೆಯಲ್ಲಿ ಹಾಗೆಯೇ ಬರೆಯಿಸಿ. ಆ ಮೊದಲ ಚೀಟಿಯನ್ನು ಕಳೆಯಬೇಡಿ. ಚಿಕಿತ್ಸೆಗೆ ದಾರಿ ತೋರಿಸುವುದೂ ಪರಿಹಾರಕ್ಕೆ ಆಧಾರವಾಗುವುದೂ ಅದೇ ಚೀಟಿ.

ತಡೆಯುವ ಮಾರ್ಗಗಳು ಕಷ್ಟವೇನಲ್ಲ. ಮಾಡಿಸುವ ಮನಸ್ಸು ಬೇಕು. ಮುಖಕ್ಕೆ ಟವೆಲ್ ಸುತ್ತಿದರೆ ಆವಿ ನಿಲ್ಲುವುದಿಲ್ಲ, ತೊಯ್ದ ಟವೆಲ್ ವಿಷವನ್ನು ಮೂಗಿನ ಬಳಿಯೇ ಹಿಡಿದಿಡುತ್ತದೆ. ಇದ್ದಿಲಿನ ಸೋಸುಡಬ್ಬಿಯುಳ್ಳ ಮಾಸ್ಕ್, ರಬ್ಬರಿನಂಥ ನೈಟ್ರೈಲ್ ಕೈಗವಸು, ಬೂಟು, ಪ್ಲಾಸ್ಟಿಕ್ ಮುಂಗವಸ್ತ್ರ ಬೇಕು, ಪೈಪು ಎಳೆಯುವವಳಿಗೂ ಬೇಕು. 1971ರ ಕೀಟನಾಶಕ ನಿಯಮಗಳು ಸಿಂಪಡಿಸುವವರಿಗೆ ರಕ್ಷಣಾ ಉಡುಪನ್ನೂ, ಕೆಲಸಕ್ಕೆ ಮುನ್ನ ಮತ್ತು ಆಮೇಲೆ ನಿಯತವಾಗಿ ವೈದ್ಯಕೀಯ ತಪಾಸಣೆಯನ್ನೂ ಹೇಳಿವೆ. ಹೊಡೆದ ಮೇಲೆ ಪಕ್ಕದ ಪರದೆಗಳನ್ನು ಎತ್ತಿ ಗಾಳಿಯಾಡಿಸಬೇಕು. ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು, ಹೇಳಿರದಿದ್ದರೆ ಕನಿಷ್ಠ ಒಂದು ದಿನ, ಯಾರನ್ನೂ ಒಳಗೆ ಬಿಡದೆ ಬಾಗಿಲಿಗೆ ಹಲಗೆ ತೂಗುಹಾಕಬೇಕು. ಬೇಸಿಗೆಯಲ್ಲಿ ಒಳಗಿನ ಕೆಲಸವನ್ನು ಬೆಳಿಗ್ಗೆ ಬೇಗ ಆರಂಭಿಸಿ ಹನ್ನೊಂದರೊಳಗೆ ಮುಗಿಸಿ, ಉಳಿದುದನ್ನು ಸಂಜೆಗಿಡುವುದು ಲೇಸು. ಹೆಣ್ಣುಮಕ್ಕಳು ಶೌಚಾಲಯವಿಲ್ಲದ ಕಡೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರದ ಸೋಂಕೆಂದು ನಮ್ಮಲ್ಲಿಗೆ ಬರುವವರಲ್ಲಿ ಇಂಥವರು ಅನೇಕರು. ಆದ್ದರಿಂದ ನೀರಿನ ಕೊಡದ ಜೊತೆಗೆ ಶೌಚಾಲಯವೂ ಸುರಕ್ಷತೆಯ ಲೆಕ್ಕಕ್ಕೇ ಸೇರುತ್ತದೆ.

ಗುಲಾಬಿ ಮನೆಗಳಲ್ಲಿ ಬೂದಿರೋಗಕ್ಕೆ ರಾತ್ರಿ ಗಂಧಕದ ಆವಿ ಹಾಕುವುದುಂಟು. ಉಬ್ಬಸದವರು ಬೆಳಿಗ್ಗೆ ಗಾಳಿಯಾಡುವ ಮುನ್ನ ಅಲ್ಲಿಗೆ ಹೋಗಬಾರದು. ಮುಳ್ಳು ಚುಚ್ಚಿದ್ದನ್ನು ಲಘುವಾಗಿ ಕಾಣಬೇಡಿ. ಧನುರ್ವಾತದ ಚುಚ್ಚುಮದ್ದು ಇರಲಿ. ಚುಚ್ಚಿದ ಜಾಗದಿಂದ ತೋಳಿನ ಮೇಲೆ ಸಾಲಾಗಿ ಗಂಟುಗಳೆದ್ದರೆ ಅದು ಮುಳ್ಳಿನಿಂದ ಬಂದ ಶಿಲೀಂಧ್ರದ ಕಾಯಿಲೆಯಾಗಿರಬಹುದು, ಚರ್ಮವೈದ್ಯರಿಗೆ ತೋರಿಸಿ.

ದಿನವೂ ಸ್ವಲ್ಪಸ್ವಲ್ಪವೇ ಒಳಹೋಗುವ ವಿಷದ ಮಾತೂ ಒಂದಿದೆ. ಪೂರ್ತಿ ಹೊರಹೋಗದೆ ದೇಹದಲ್ಲಿ ಉಳಿದು, ಬಲಗುಂದಿದ್ದರೂ ಕಾಲ ಕೂಡಿದಾಗ ಕೆರಳುವ ವಿಷವನ್ನು ಸುಶ್ರುತರು ದೂಷೀವಿಷವೆಂದು ಕರೆದರು. ಇಂದಿನ ರಾಸಾಯನಿಕಗಳನ್ನು ಅವರು ಕಂಡಿರಲಿಲ್ಲ, ಹೋಲಿಕೆಯನ್ನು ಎಳೆಯುವುದು ಬೇಡ. ಆದರೂ ತಿಂಗಳುಗಟ್ಟಲೆ ಸಿಂಪಡಿಸುವವರು ತಲೆನೋವು, ನಿದ್ರಾಹೀನತೆ, ಕೈನಡುಕ ಎಂದರೆ ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ ಎಂದೇ ನಾವು ಬರೆದುಕೊಡುತ್ತೇವೆ, ಕಷಾಯವೆಲ್ಲ ಆಮೇಲೆ.

ಇನ್ನು ವಿಮೆ. ಪಾಲಿಹೌಸು ಕಟ್ಟಲು ಸರ್ಕಾರದ ಸಹಾಯಧನ, ಬ್ಯಾಂಕಿನ ಸಾಲ ಎರಡೂ ಇರುತ್ತವೆ; ಸಾಲವಿದ್ದಲ್ಲಿ ಚೌಕಟ್ಟಿಗೂ ಹಾಳೆಗೂ ವಿಮೆಯಾಗಿರುತ್ತದೆ. ಗಾಳಿಗೆ ಕಿತ್ತ ಹಾಳೆಯನ್ನು ಬಿಗಿಯಲು ಹದಿನೈದು ಇಪ್ಪತ್ತು ಅಡಿ ಎತ್ತರದ ಪೈಪಿನ ಮೇಲೆ, ಸೊಂಟಕ್ಕೆ ಹಗ್ಗವೂ ಇಲ್ಲದೆ ಹತ್ತುವವನಿಗೆ ವಿಮೆಯಿದೆಯೇ ಎಂದು ನಾವು ಪರಿಚಿತ ರೈತರನ್ನು ಕೇಳಿದ್ದೇವೆ. ಹೆಚ್ಚಿನವರು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಕಾನೂನು ಯೋಚಿಸಿದೆ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕೃಷಿಯಲ್ಲಿ ಕೀಟನಾಶಕ ಸಿಂಪಡಿಸುವ ಕೆಲಸ ಸೇರಿದೆ. ಈ ವಿಷಯ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿದೆ. ಕೆಲಸದ ವೇಳೆ ಕೆಲಸದಿಂದಲೇ ಅಪಘಾತವಾಗಿ ಸಾವು ಸಂಭವಿಸಿದರೆ, ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಅಂಕಿಯಿಂದ ಗುಣಿಸಿದಷ್ಟು ಪರಿಹಾರವನ್ನು ಮಾಲೀಕರು ಕೊಡಬೇಕು. ನಲವತ್ತು ವಯಸ್ಸಿಗೆ ಆ ಅಂಕಿ 184.17. ಕೂಲಿ ತಿಂಗಳಿಗೆ 12,000 ರೂಪಾಯಿ ಇದ್ದರೆ ಮೊತ್ತ 11 ಲಕ್ಷ ದಾಟುತ್ತದೆ. ಆಳುಗಳನ್ನು ಮೇಸ್ತ್ರಿ ಕರೆತಂದ, ನನಗೆ ಸಂಬಂಧವಿಲ್ಲ ಎಂದರೆ ಸಾಮಾನ್ಯವಾಗಿ ನಡೆಯದು. ಅರ್ಜಿಗೆ ಎರಡು ವರ್ಷದ ಕಾಲಾವಕಾಶವಿದೆ. ತಾಲ್ಲೂಕಿನ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಬಹುದು. ಎರಡು ಮೂರು ಎಕರೆಯ ರೈತ ಇಷ್ಟು ಹಣವನ್ನು ಕೈಯಿಂದ ಕೊಡಲಾರ, ಜಮೀನೇ ಹೋದೀತು. ಅದಕ್ಕೆಂದೇ ಸಾಮಾನ್ಯ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಸಿಗುತ್ತದೆ. ಕೊಡುವ ಒಟ್ಟು ಕೂಲಿಯನ್ನು ಆಧರಿಸಿ ಕಂತು ನಿಗದಿಯಾಗುತ್ತದೆ. ಕೂಲಿಯ ಪುಸ್ತಕವನ್ನು ಸರಿಯಾಗಿ ಬರೆದಿಡಬೇಕಷ್ಟೆ.

ಕೂಲಿಯವರು ತಾವೇ ಮಾಡಿಸಿಕೊಳ್ಳಬಹುದಾದವು ಬೇರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಈಗ ವರ್ಷಕ್ಕೆ 20 ರೂಪಾಯಿ, ವಯಸ್ಸು 18ರಿಂದ 70. ಅಪಘಾತದ ಸಾವಿಗೂ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೂ 2 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ. ಜೀವನಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ, 50 ವಯಸ್ಸಿನೊಳಗೆ ಸೇರಬೇಕು. ಯಾವ ಕಾರಣದ ಸಾವಿಗೂ 2 ಲಕ್ಷ, ಆದರೆ ಸೇರಿದ ಮೊದಲ 30 ದಿನ ಅಪಘಾತಕ್ಕೆ ಮಾತ್ರ. ಆಸ್ಪತ್ರೆಯ ಖರ್ಚಿಗೆ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶವಿದೆ. ಹಾವು ಕಚ್ಚಿದ, ಎತ್ತರದಿಂದ ಬಿದ್ದ ಪ್ರಕರಣಗಳಲ್ಲಿ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆಯನ್ನು ವಿಮೆಯವರು ನೋಡುತ್ತಾರೆ.

ಈ ಎರಡು ವಿಮೆಗಳ ವರ್ಷ ಜೂನ್ 1ರಿಂದ ಮೇ 31. ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ. ಮೇಲೆ ಹೇಳಿದ ಹೆಣ್ಣುಮಗಳು ದುಡಿಯುತ್ತಿದ್ದ ಪಾಲಿಹೌಸಿನ ರೈತರು ಈಗ ಮೇ ಇಪ್ಪತ್ತರ ಹೊತ್ತಿಗೆ ತಮ್ಮ ಎಂಟೂ ಜನರ ಪಾಸ್‌ಬುಕ್ ತರಿಸಿ, ತಲೆಗೆ 456 ರೂಪಾಯಿಯಂತೆ ತಾವೇ ಖಾತೆಗೆ ಹಾಕುತ್ತಾರೆ. ಐವತ್ತು ದಾಟಿ ಹೊಸದಾಗಿ ಬಂದ ಇಬ್ಬರಿಗೆ 20 ರೂಪಾಯಿಯದು ಮಾತ್ರ. ಜೂನ್ ಮೊದಲ ವಾರ ಮತ್ತೆ ಪಾಸ್‌ಬುಕ್‌ನಲ್ಲಿ ಕಡಿತದ ಸಾಲನ್ನು ಬೆರಳಿಟ್ಟು ನೋಡಿದ ಮೇಲೆಯೇ ಹಿಂದಿರುಗಿಸುತ್ತಾರೆ.