ಉಕ್ಕಿನ ಹಳೆಯ ಸೈಕಲ್ಲು: ಗುರುತಿಸುವಿಕೆ ಮತ್ತು ಜೀರ್ಣೋದ್ಧಾರ

(ಬಾನುಲಿ ಭಾಷಣ)

ಹಳೆಯ ಸೈಕಲ್ಲುಗಳ ವಿಷಯವಾಗಿ ಮಾತನಾಡಲು ಕನ್ನಡ ಮೇಷ್ಟರೊಬ್ಬರನ್ನು ಕರೆದದ್ದೇಕೆ ಎಂದು ಶ್ರೋತೃಗಳಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನನಗೂ ಹಾಗೆಯೇ ಅನ್ನಿಸಿತು. ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ತರಗತಿಯಲ್ಲಿ ಹೇಳಿದ ಪಾಠ ಹಳಗನ್ನಡ ಕಾವ್ಯದ್ದು, ಗ್ರಂಥಸಂಪಾದನಶಾಸ್ತ್ರದ್ದು. ಆದರೆ ರಜೆಯ ದಿನಗಳಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡು ಕುಳಿತದ್ದು ಹಳೆಯ ಸೈಕಲ್ಲುಗಳ ಮುಂದೆ. ಓಲೆಗರಿಯ ಪ್ರತಿಯೊಂದು ಕೈಗೆ ಬಂದಾಗ ಇದು ಯಾವ ಕಾಲದ್ದು, ಯಾರ ಕೈಬರಹ, ಮೂಲಪಾಠ ಎಷ್ಟು, ನಡುವೆ ಸೇರಿದ್ದು ಎಷ್ಟು ಎಂದು ವಿಚಾರಿಸುತ್ತೇವಷ್ಟೆ. ಐವತ್ತು ಅರವತ್ತು ವರ್ಷ ಹಳೆಯದಾದ ಸೈಕಲ್ಲನ್ನು ಕೇಳಬೇಕಾದ ಪ್ರಶ್ನೆಗಳೂ ಇವೇ. ಈ ಪ್ರಶ್ನೆಗಳನ್ನು ಕೇಳದೆ ಕೈಹಾಕಿ ನಾನೊಮ್ಮೆ ಕೆಟ್ಟೆ. ಆ ಸಂಗತಿಯನ್ನು ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲು ವಸ್ತುವಿನ ಪರಿಚಯ. ಇಂದು ನಾವು ನೋಡುವ ಸೈಕಲ್ಲಿನ ಸ್ವರೂಪ, ಎಂದರೆ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು ಎಂಬ ಏರ್ಪಾಡು, ನೆಲೆಗೊಂಡದ್ದು 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ 'ರೋವರ್' ಸೈಕಲ್ಲಿನಿಂದ. ಮೂರು ವರ್ಷಗಳ ತರುವಾಯ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ. ಇವಕ್ಕೆ ತ್ರಿಕೋನಗಳ ಉಕ್ಕಿನ ಚೌಕಟ್ಟು ಸೇರಿದಾಗ ಸೈಕಲ್ಲು ಬಹುಮಟ್ಟಿಗೆ ಪೂರ್ಣವಾಯಿತು. ಆಮೇಲೆ ನಡೆದದ್ದೆಲ್ಲ ಸಂಸ್ಕರಣ.

ಆ ಸಂಸ್ಕರಣಗಳಲ್ಲಿ ಮುಖ್ಯವಾದದ್ದು ಕೊಳವೆಯದು. ಸೈಕಲ್ಲಿನ ಚೌಕಟ್ಟಿನ ಮೇಲೆ ಹೆಚ್ಚಿನ ಒತ್ತಡ ಬೀಳುವುದು ಕೊಳವೆಗಳು ಕೂಡುವ ತುದಿಗಳಲ್ಲಿ; ಬೆಸುಗೆಯ ಶಾಖ ತಟ್ಟುವುದೂ ಅಲ್ಲಿಯೇ. ನಡುಭಾಗಕ್ಕೆ ಅಷ್ಟು ದಪ್ಪ ಬೇಕಿಲ್ಲ. ಹಾಗಿದ್ದರೆ ತುದಿ ದಪ್ಪವಾಗಿ, ನಡು ತೆಳುವಾಗಿ ಇರುವ ಕೊಳವೆಯನ್ನೇಕೆ ಎಳೆಯಬಾರದು? ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಅಂಥ ಕೊಳವೆಗೆ ಪೇಟೆಂಟು ಪಡೆದ. ಅದೇ ಮನೆತನದ ಕಾರ್ಖಾನೆ 1935ರಲ್ಲಿ ಮ್ಯಾಂಗನೀಸು ಮತ್ತು ಮಾಲಿಬ್ಡಿನಂ ಬೆರೆತ ಉಕ್ಕಿನಿಂದ '531' ಎಂಬ ಕೊಳವೆಯನ್ನು ಹೊರತಂದಿತು. ಇಟಲಿಯಲ್ಲಿ ಮಿಲಾನಿನ 'ಕೊಲಂಬಸ್' ಕೊಳವೆಗಳು ಇದಕ್ಕೆ ಸರಿಜೋಡಿ. ಅದರ 'ಎಸ್. ಎಲ್.' ಎಂಬ ಮಾದರಿಯಲ್ಲಿ ಮುಖ್ಯ ಕೊಳವೆಯ ಗೋಡೆಯ ದಪ್ಪ ತುದಿಯಲ್ಲಿ 0.9 ಮಿಲಿಮೀಟರು, ನಡುವೆ 0.6. ಹೊರಗಿನಿಂದ ಇದು ಕಣ್ಣಿಗೆ ಕಾಣುವುದಿಲ್ಲ. ಆದರೆ ನಮ್ಮ ಊರುಗಳ ದಪ್ಪಕೊಳವೆಯ ಸೈಕಲ್ಲು ಸುಮಾರು 20 ಕಿಲೋ ತೂಗಿದರೆ, ಈ ಬಗೆಯ ಪಂದ್ಯದ ಸೈಕಲ್ಲು 10 ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಹೀಗೆ ನಮ್ಮ ಕೈಗೆ ಬರುವ ಹಳೆಯ ಉಕ್ಕಿನ ಸೈಕಲ್ಲುಗಳಲ್ಲಿ ಎರಡು ಕುಲ. ಒಂದು, ರಾಡ್ ಬ್ರೇಕಿನ, 28 ಅಂಗುಲ ಚಕ್ರದ ರೋಡ್‌ಸ್ಟರ್. ರಾಲೀ, ಹಂಬರ್, ಬಿ. ಎಸ್. ಎ., ಹರ್ಕ್ಯುಲಿಸ್ ಎಂದು ಹಡಗಿನಲ್ಲಿ ಬಂದದ್ದು. ಆಮೇಲೆ ಮದರಾಸಿನ ಬಳಿ 1949ರಲ್ಲಿ ಸ್ಥಾಪಿತವಾದ ಟಿ. ಐ. ಸೈಕಲ್ಸ್, 1951ರ ಅಟ್ಲಾಸ್, 1956ರ ಹೀರೋ ಮೊದಲಾದ ಕಾರ್ಖಾನೆಗಳಲ್ಲಿ ಇಲ್ಲಿಯೇ ಹುಟ್ಟಿದ್ದು. ಇನ್ನೊಂದು, ಬಾಗಿದ ಹ್ಯಾಂಡಲ್ಲಿನ, ಹಗುರವಾದ ಪಂದ್ಯದ ಸೈಕಲ್ಲು. ಮೊದಲನೆಯದು ನಮ್ಮ ಹಿತ್ತಿಲುಗಳಲ್ಲಿದೆ. ಎರಡನೆಯದು ಅಪರೂಪ, ಆದರೂ ಸೈಕಲ್ ಸ್ಪರ್ಧಿಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆಯ ಕಡೆ ಆಗೊಮ್ಮೆ ಈಗೊಮ್ಮೆ ಕಾಣಸಿಗುತ್ತದೆ.

ಇನ್ನು ಗುರುತಿಸುವ ಕ್ರಮ. ಸಾಕ್ಷ್ಯಗಳಲ್ಲಿ ಅತ್ಯಂತ ದುರ್ಬಲವಾದದ್ದು ಹೆಸರು. ಬಣ್ಣದ ಮೇಲೆ ಅಂಟಿಸಿದ ಚೀಟಿಯನ್ನು ಯಾರು ಬೇಕಾದರೂ ಕೊಂಡು ಅಂಟಿಸಬಹುದು. ಮುಂಭಾಗದ ಹಿತ್ತಾಳೆಯ ಬಿಲ್ಲೆ ಅದಕ್ಕಿಂತ ಮೇಲು. ಆದರೂ ಅದು ಕೀಳಲು ಬರುವಂಥದ್ದೇ. ಪೆಡಲಿನ ದೊಡ್ಡ ಹಲ್ಲುಚಕ್ರದಲ್ಲಿ ಕತ್ತರಿಸಿದ ಆಕೃತಿ ಇನ್ನೂ ಸ್ವಲ್ಪ ಗಟ್ಟಿ ಸಾಕ್ಷಿ: ರಾಲೀ ಆದರೆ ಕೊಕ್ಕರೆಯ ತಲೆಗಳು, ಹಂಬರ್ ಆದರೆ ಸಾಲು ಮನುಷ್ಯರು, ಬಿ. ಎಸ್. ಎ. ಆದರೆ ಆ ಮೂರು ಅಕ್ಷರಗಳೇ. ಬಿ. ಎಸ್. ಎ. ಮೂಲತಃ ಬಂದೂಕು ತಯಾರಕರ ಸಂಸ್ಥೆಯಾದ್ದರಿಂದ ಅದರ ಲಾಂಛನದಲ್ಲಿ ಒರಗಿಸಿಟ್ಟ ಮೂರು ಬಂದೂಕುಗಳಿವೆ.

ಕಾಲನಿರ್ಣಯಕ್ಕೆ ಶಾಸನದಂತೆ ನೆರವಾಗುವುದು ಸ್ಟರ್ಮಿ-ಆರ್ಚರ್ ಗೇರಿನ ಹಬ್ಬು. ಹಿಂದಿನ ಚಕ್ರದ ಗುಂಬದೊಳಗೆ ಮೂರು ಗೇರುಗಳನ್ನು ಅಡಗಿಸಿದ ಈ ಯಂತ್ರದ ಮೊದಲ ಮಾದರಿ ಬಂದದ್ದು 1902ರಲ್ಲಿ, 'ಎ. ಡಬ್ಲ್ಯು.' ಎಂಬ ಬಹುಪ್ರಸಿದ್ಧ ಮಾದರಿ 1936ರಲ್ಲಿ. ಹಳೆಯ ಹಬ್ಬುಗಳ ಮೈಮೇಲೆ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳನ್ನು ಒತ್ತಿರುವುದುಂಟು. ಎಣ್ಣೆಯ ಜಿಡ್ಡು ಒರಸಿದಾಗ '54' ಎಂದು ಕಂಡರೆ ಹಬ್ಬು 1954ರದ್ದು. ಹಬ್ಬು ಎಂದೆ, ಸೈಕಲ್ಲು ಎನ್ನಲಿಲ್ಲ. ಚಕ್ರ ಬದಲಾಗಿರಬಹುದು. ಒಂದೇ ಶಾಸನವನ್ನು ನೆಚ್ಚಿ ಚರಿತ್ರೆ ಬರೆಯಬಾರದು.

ಕದಿಯಲಾಗದ, ಸುಲಭವಾಗಿ ಬದಲಿಸಲಾಗದ ಸಾಕ್ಷ್ಯವೆಂದರೆ ಅಳತೆ. ಸೀಟಿನ ಕೆಳಗಿನ ಕೊಳವೆಯ ಹೊರವ್ಯಾಸ ಇಂಗ್ಲಿಷ್ ಮತ್ತು ಇಟಲಿ ಪದ್ಧತಿಯಲ್ಲಿ 28.6 ಮಿಲಿಮೀಟರು. ಗೋಡೆ 0.6ರಷ್ಟು ತೆಳುವಾಗಿದ್ದರೆ ಒಳಗೆ 27.4 ಉಳಿಯುತ್ತದೆ, ಅದರಲ್ಲಿ 27.2ರ ಸೀಟುಕಂಬ ಇಳಿಯುತ್ತದೆ. ಗೋಡೆ ದಪ್ಪವಾದಷ್ಟೂ ಕಂಬ ಸಣ್ಣದಾಗುತ್ತದೆ. ಆದ್ದರಿಂದ ಸೀಟುಕಂಬವನ್ನು ಅಳೆದರೆ ಕೊಳವೆಯನ್ನು ಕೊಯ್ಯದೆಯೇ ಅದರ ಗುಣವನ್ನು ಊಹಿಸಬಹುದು. 27.2 ಬಂದರೆ ಉತ್ತಮ ಕೊಳವೆ. 26 ಅಥವಾ ಅದಕ್ಕೂ ಕಡಿಮೆಯಾದರೆ ಸಾಮಾನ್ಯ ಉಕ್ಕು. ಫ್ರಾನ್ಸಿನ ಸೈಕಲ್ಲುಗಳು ಮಾತ್ರ ಇದಕ್ಕೆ ಅಪವಾದ. ಅಲ್ಲಿ ಹೊರವ್ಯಾಸವೇ 28 ಆದ್ದರಿಂದ ಒಳ್ಳೆಯ ಕೊಳವೆಗೂ 26.4ರ ಕಂಬ ಕೂಡುತ್ತದೆ.

ಎರಡನೆಯ ಅಳತೆ ಪೆಡಲಿನ ಅಚ್ಚು ಹಾಯುವ ಅಡ್ಡಗೂಡಿನದು. ಇಂಗ್ಲಿಷ್ ಗೂಡಿನ ಅಗಲ 68 ಮಿಲಿಮೀಟರು, ಇಟಲಿಯದು 70. ಇಂಗ್ಲಿಷ್ ಪದ್ಧತಿಯಲ್ಲಿ ಬಲಬದಿಯ ಬಟ್ಟಲಿಗೆ ಎಡತಿರುಪು. ಇಟಲಿ ಪದ್ಧತಿಯಲ್ಲಿ ಎರಡು ಬದಿಗೂ ಬಲತಿರುಪು. ಹಳೆಯ ರಾಲೀಗಳದ್ದು ಮತ್ತೂ ಬೇರೆ: ಉಳಿದವರು ಅಂಗುಲಕ್ಕೆ 24 ತಿರುಪಿನ ಗೆರೆ ಕೊರೆದರೆ ರಾಲೀಯವರು 26 ಕೊರೆದರು. ಮೂಲದ ಬಟ್ಟಲನ್ನು ಗುಜರಿಗೆ ಹಾಕಿದವನಿಗೆ ಅಂಗಡಿಯ ಹೊಸ ಬಟ್ಟಲು ಕೂಡುವುದಿಲ್ಲ. ಮೂರನೆಯದು ಹಿಂದಿನ ಚಕ್ರ ಕೂರುವ ಕವಲಿನ ನಡುವಣ ಅಂತರ. ಐದು ಹಲ್ಲುಚಕ್ರಗಳ ಕಾಲದಲ್ಲಿ ಅದು 120 ಮಿಲಿಮೀಟರು, 1970ರ ದಶಕದ ಕೊನೆಯಿಂದ 1980ರ ದಶಕದಲ್ಲಿ 126, ಆಮೇಲೆ 130.

ಇವು ಹೇಗೆ ಪ್ರಯೋಜನಕ್ಕೆ ಬರುತ್ತವೆಂಬುದಕ್ಕೆ ಒಂದು ನಿದರ್ಶನ. ವಿಜಯಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಂದ್ಯದ ಚೌಕಟ್ಟೊಂದನ್ನು ಹೊತ್ತುಕೊಂಡು ಮನೆಗೆ ಬಂದ. ಹೊಳೆಯುವ ನೀಲಿ ಬಣ್ಣ, ಅದರ ಮೇಲೆ ಇಟಲಿಯ ದೊಡ್ಡ ಹೆಸರು. "ಸರ್, ಖರೇ ಇಟಲಿದೋ ಅಲ್ಲೋ ನೋಡಿ ಹೇಳ್ರಿ" ಎಂದ. ಅಳೆದೆವು. ಸೀಟುಕಂಬ 27.2. ಹಿಂದಿನ ಕವಲು 126. ಕವಲಿನ ತುದಿಯ ಮೇಲೆ ವಿಚೆಂಜಾದ 'ಕ್ಯಾಂಪಗ್ನೋಲೋ' ಮುದ್ರೆ. ಅವನ ಮುಖ ಅರಳಿತು. ಆದರೆ ಅಡ್ಡಗೂಡು 68 ಬಂತು. ಬಲದ ಬಟ್ಟಲು ಪ್ರದಕ್ಷಿಣವಾಗಿ ತಿರುಗಿಸಿದಾಗ ಬಿಚ್ಚಿಕೊಂಡಿತು. ಎಂದರೆ ಇಂಗ್ಲಿಷ್ ತಿರುಪು. ಕ್ಯಾಂಪಗ್ನೋಲೋ ಮುದ್ರೆ ಆ ತುದಿಯನ್ನು ಮಾಡಿದವರದೇ ಹೊರತು ಚೌಕಟ್ಟನ್ನು ಕಟ್ಟಿದವರದಲ್ಲ. ಎಷ್ಟೋ ದೇಶಗಳ ಕುಶಲಕರ್ಮಿಗಳು ಅದನ್ನು ಕೊಂಡು ಬೆಸೆಯುತ್ತಿದ್ದರು. ಇಟಲಿಯವರೂ ಹೊರದೇಶಕ್ಕೆ ಕಳಿಸುವಾಗ ಇಂಗ್ಲಿಷ್ ತಿರುಪು ಕೊರೆದದ್ದುಂಟು. ಆದ್ದರಿಂದ ಹೆಸರು ಸುಳ್ಳೆಂದು ಸಾಧಿಸಲಾರೆ, ನಿಜವೆಂದೂ ಹೇಳಲಾರೆ ಎಂದೆ. ಒಳ್ಳೆಯ ಕೊಳವೆ, ಒಳ್ಳೆಯ ಕೈ, ಸುಮಾರು 1980ರ ಕೆಲಸ. ಇಷ್ಟು ಮಾತ್ರ ಸಿದ್ಧ. ಹೆಸರಿಗೆಂದು ಕೊಟ್ಟ ಹೆಚ್ಚಿನ ಹಣದ ವಿಷಯದಲ್ಲಿ ಅವನು ಖಿನ್ನನಾದ. ಚೌಕಟ್ಟಿಗೆ ಕೊಟ್ಟದ್ದು ವ್ಯರ್ಥವಾಗಿಲ್ಲವೆಂಬುದು ಅದನ್ನು ಏರಿದ ಮೇಲೆ ಅವನಿಗೇ ತಿಳಿಯಿತು.

ಈಗ ಜೀರ್ಣೋದ್ಧಾರ. ಮೊದಲು ಚೌಕಟ್ಟು ನೆಟ್ಟಗಿದೆಯೇ ನೋಡಬೇಕು. ಮುಂದಿನಿಂದ ಗುದ್ದಿಸಿಕೊಂಡ ಸೈಕಲ್ಲಿನಲ್ಲಿ ಹ್ಯಾಂಡಲ್ಲಿನ ಕೆಳಗೆ, ಕೊಳವೆಗಳು ಕೂಡುವಲ್ಲಿ, ಬಣ್ಣ ಸುಕ್ಕುಗಟ್ಟಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಬಳಿಕ ಒಂದು ದಾರವನ್ನು ಹಿಂದಿನ ಕವಲಿನ ಒಂದು ತುದಿಗೆ ಕಟ್ಟಿ, ಮುಂದಿನ ಕೊಳವೆಯನ್ನು ಬಳಸಿ ತಂದು, ಇನ್ನೊಂದು ತುದಿಗೆ ಬಿಗಿಯಿರಿ. ದಾರಕ್ಕೂ ಸೀಟಿನ ಕೊಳವೆಗೂ ನಡುವಣ ಅಂತರ ಎಡಬಲಗಳಲ್ಲಿ ಸಮನಾಗಿದ್ದರೆ ಹಿಂಭಾಗ ನೇರವಾಗಿದೆ. ಒಂದೆರಡು ಮಿಲಿಮೀಟರಿನ ವ್ಯತ್ಯಾಸ ದೋಷವಲ್ಲ. ಉಕ್ಕಿನ ದೊಡ್ಡ ಗುಣ ಇಲ್ಲಿದೆ: ಬಾಗಿದ್ದನ್ನು ತಿಳಿದವರು ತಣ್ಣಗೆ ನೆಟ್ಟಗೆ ಮಾಡಬಲ್ಲರು, ಕೊಳೆತ ಕೊಳವೆಯನ್ನು ಹಿತ್ತಾಳೆಯ ಇಲ್ಲವೆ ಬೆಳ್ಳಿಯ ಬೆಸುಗೆ ಬಿಚ್ಚಿ ಬದಲಿಸಬಲ್ಲರು. ತೆಳುಕೊಳವೆಯನ್ನು ಮಾತ್ರ ಗೇಟು ಕಿಟಕಿ ಬೆಸೆಯುವವರ ಕೈಗೆ ಕೊಡಬಾರದು. ಆ ಶಾಖಕ್ಕೆ ಅದು ಸತ್ವಗೆಡುತ್ತದೆ.

ಬಿಚ್ಚುವಾಗ ಅವಸರ ಕೂಡದು. ಎಡಪೆಡಲಿಗೆ ಎಡತಿರುಪು ಎಂಬುದನ್ನು ಮರೆತು ಕ್ರಾಂಕು ಹಾಳುಮಾಡಿದವರು ಅಸಂಖ್ಯರು. ಕಾಟರ್ ಪಿನ್ ತೆಗೆಯುವಾಗ ನಟ್ಟನ್ನು ಪಿನ್ನಿನ ತುದಿಯ ಮಟ್ಟಕ್ಕೆ ಸಡಿಲಿಸಿ, ಕ್ರಾಂಕಿನ ಕೆಳಗೆ ಕಬ್ಬಿಣದ ಕೊಳವೆಯ ಆಸರೆ ಕೊಟ್ಟು, ಒಂದೇ ಗಟ್ಟಿ ಏಟು ಹಾಕಬೇಕು. ಹತ್ತು ಮೆಲುವಾದ ಏಟುಗಳು ತಿರುಪನ್ನು ಚಪ್ಪಟೆ ಮಾಡುತ್ತವೆ, ಅಷ್ಟೆ. ತುಕ್ಕು ಹಿಡಿದು ಕಚ್ಚಿಕೊಂಡ ಸೀಟುಕಂಬಕ್ಕೆ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಗುಂಡುಗಳನ್ನು ಎಣಿಸಿ, ಅಳತೆ ಬರೆದಿಟ್ಟುಕೊಂಡು, ಹೊಸವನ್ನೇ ಹಾಕಬೇಕು. ಪೆಡಲಿನ ಅಚ್ಚಿಗೆ ಸಾಮಾನ್ಯವಾಗಿ ಕಾಲಂಗುಲದ ಗುಂಡು, ಬದಿಗೆ ಹನ್ನೊಂದು.

ತುಕ್ಕಿಗೆ ಆಕ್ಸಾಲಿಕ್ ಆಮ್ಲ ಒಳ್ಳೆಯ ಮದ್ದು. ಲೀಟರು ನೀರಿಗೆ ಒಂದೆರಡು ಚಮಚ ಕರಗಿಸಿ ಬಿಡಿಭಾಗಗಳನ್ನು ಮುಳುಗಿಸಿದರೆ ತುಕ್ಕು ಕರಗಿ ಉಕ್ಕು ಉಳಿಯುತ್ತದೆ. ಇದು ವಿಷ, ಬಯಲಿನಲ್ಲಿ, ಕೈಗವಸು ಹಾಕಿಕೊಂಡು, ಮಕ್ಕಳಿಂದ ದೂರವಿರಿಸಿ ಮಾಡತಕ್ಕ ಕೆಲಸ. ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಹಾಕಬಾರದು. ಆಮೇಲೆ ಸೋಡಾಪುಡಿಯ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಕ್ರೋಮಿನ ಮೇಲಿನ ಅಲ್ಪ ತುಕ್ಕಿಗೆ ನೀರಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯ ಉಂಡೆಯೇ ಸಾಕು.

ಉಳಿದದ್ದು ಬಣ್ಣ. ನನ್ನ ತಪ್ಪೊಪ್ಪಿಗೆಯ ಸ್ಥಳವೂ ಇದೇ. ನಮ್ಮ ತಂದೆ ಹಳ್ಳಿಯ ಶಾಲೆಯ ಉಪಾಧ್ಯಾಯರು. ಅವರದೊಂದು ರಾಲೀ ಸೈಕಲ್ಲಿತ್ತು. ಕಪ್ಪು ಬಣ್ಣ, ಮಡ್‌ಗಾರ್ಡಿನ ಮೇಲೆ ಕೈಯಿಂದ ಎಳೆದ ಚಿನ್ನದ ಗೆರೆ. ಅವರು ತೀರಿಕೊಂಡ ಮೇಲೆ, 1994ರಲ್ಲಿ, ಪ್ರೀತಿಯಿಂದಲೇ ಅದನ್ನು ಪಟ್ಟಣದ ಕಾರ್ಖಾನೆಯೊಂದಕ್ಕೆ ಒಯ್ದು "ಹೊಸದರಂತೆ ಮಾಡಿಕೊಡಿ" ಎಂದೆ. ಹೇಳಿದಂತೆಯೇ ಮಾಡಿಕೊಟ್ಟರು, ಅವರದೇನೂ ತಪ್ಪಿಲ್ಲ. ಉಜ್ಜಿ, ಬಣ್ಣ ಹೊಡೆದು, ಹೊಳಪಿಸಿ ಕೊಟ್ಟ ಸೈಕಲ್ಲನ್ನು ಹೆಮ್ಮೆಯಿಂದ ಅಂಗಳದಲ್ಲಿ ನಿಲ್ಲಿಸಿದೆ. ತಾಯಿ ಹೊರಬಂದು ಸುತ್ತಲೂ ನೋಡಿದರು. ಬಾರಿನ ಮೇಲೆ ಕೈಯಿಟ್ಟು, "ಇಲ್ಲಿ ನೀನು ಕೂತು ಕೂತು ಬಣ್ಣ ಸವೆದಿತ್ತಲ್ಲೋ, ಅದೆಲ್ಲಿ ಹೋಯ್ತು?" ಎಂದು ಕೇಳಿದರು.

ಬಾಲ್ಯದಲ್ಲಿ ತಂದೆ ನನ್ನನ್ನು ಬಾರಿನ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗುತ್ತಿದ್ದರು. ಗೇಣುದ್ದದ ಆ ಜಾಗದಲ್ಲಿ ಕಪ್ಪು ಹೋಗಿ ಉಕ್ಕು ಬೆಳ್ಳಗೆ ಕಾಣುತ್ತಿತ್ತು. ಓಲೆಗರಿಯ ಅಂಚಿನಲ್ಲಿ ಓದುಗನೊಬ್ಬ ಗೀಚಿದ ಗೆರೆಯನ್ನೂ ಅಳಿಸಬಾರದೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನು. ಆ ಜಾಗವನ್ನು ಮರಳಿ ಬರಿಸುವ ವಿದ್ಯೆ ಯಾವ ಕಾರ್ಖಾನೆಯಲ್ಲೂ ಇಲ್ಲ.

ಆದ್ದರಿಂದ ಬಣ್ಣದ ವಿಷಯದಲ್ಲಿ ನನ್ನ ಸಲಹೆ ಸಂಕ್ಷಿಪ್ತ. ಚೌಕಟ್ಟನ್ನು ತುಕ್ಕು ತಿನ್ನುತ್ತಿದ್ದರೆ ಬಣ್ಣ ಹೊಡೆಯಲೇಬೇಕು, ಅನುಮಾನವಿಲ್ಲ. ಅಲ್ಲಲ್ಲಿ ಕೆದರಿದ್ದರೆ ಅಷ್ಟಕ್ಕೇ ಬಣ್ಣ ಮುಟ್ಟಿಸಿ, ಉಳಿದದ್ದನ್ನು ಸೋಪಿನ ನೀರಿನಿಂದ ತೊಳೆದು, ಮೇಣ ಸವರಿ ಬಿಡಿ. ಬೇರಿಂಗು, ಬ್ರೇಕು, ಟೈರು, ಚೈನುಗಳನ್ನು ಧಾರಾಳವಾಗಿ ಹೊಸದು ಮಾಡಿ. ಏರುವವರ ಪ್ರಾಣ ಅವುಗಳ ಮೇಲಿದೆ. ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಡಬ್ಬಿಯಲ್ಲಿಟ್ಟು, ಮೇಲೆ ತಾರೀಖು ಬರೆಯಿರಿ. ನಾಟಿಂಗ್‌ಹ್ಯಾಮಿನಲ್ಲಿ ರಾಲೀ ತಯಾರಿಕೆ 2002ರ ಹೊತ್ತಿಗೆ ನಿಂತಿತು. ನಮ್ಮ ಅಟ್ಲಾಸಿನ ಕೊನೆಯ ಕಾರ್ಖಾನೆ 2020ರಲ್ಲಿ ಬಾಗಿಲು ಹಾಕಿತು. ಹೋದ ಭಾಗಕ್ಕೆ ಬದಲು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ನಿಮ್ಮ ಹಿತ್ತಿಲಲ್ಲೋ ಅಟ್ಟದ ಮೇಲೋ ಅಂಥ ಸೈಕಲ್ಲೊಂದಿದ್ದರೆ ಅಂಗಡಿಗೆ ಒಯ್ಯುವ ಮುನ್ನ ಹಗಲಿನ ಬೆಳಕಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆದಿಡಿ. ಕೆತ್ತಿದ ಅಂಕಿಗಳನ್ನು, ಅಳತೆಗಳನ್ನು ಬರೆದುಕೊಳ್ಳಿ. ಅದಕ್ಕೂ ಮೊದಲು, ಮನೆಯಲ್ಲಿ ಅದನ್ನು ಬಲ್ಲ ಹಿರಿಯರಿದ್ದರೆ, ಅವರನ್ನು ಕರೆದು ಅದರ ಪಕ್ಕ ನಿಲ್ಲಿಸಿ, ಒಂದೊಂದು ಗೀರನ್ನೂ ತೋರಿಸಿ ಕೇಳಿ. ನಾನು ಕೇಳಲಿಲ್ಲ.