ರಕ್ತದೊತ್ತಡದ ಅಹೋರಾತ್ರಿ: ತಪ್ಪು ಕಲ್ಪನೆ ಮತ್ತು ಸತ್ಯ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯ ಅಡಿಕೆಯ ಸೀಮೆಯಲ್ಲಿ ‘ಬಿ.ಪಿ.’ ಎಂಬ ಮಾತು ಇಂದು ನೆಗಡಿ, ಜ್ವರಗಳಷ್ಟೇ ಪರಿಚಿತವಾಗಿದೆಯಾದರೂ, ಆಸ್ಪತ್ರೆಯ ಚೀಟಿಯಲ್ಲಿ ಬರೆದ ಒಂದೇ ಒಂದು ಅಂಕೆಯನ್ನು ದೇಹದ ಶಾಶ್ವತ ಲಕ್ಷಣವೆಂದು ಭಾವಿಸುವ ರೂಢಿಯೂ ಅದರೊಡನೆಯೇ ಬೇರೂರಿದೆ. ವಸ್ತುತಃ ಒತ್ತಡವು ನಡಿಗೆ, ಊಟ, ಕೋಪ, ನಿದ್ರೆಗಳನ್ನು ಅನುಸರಿಸಿ ದಿನವಿಡೀ ಏರಿಳಿಯುವಂಥದು. ಆ ಏರಿಳಿತವನ್ನು ಗ್ರಹಿಸಲೆಂದೇ ತೋಳಿಗೆ ಪಟ್ಟಿಯನ್ನೂ ಸೊಂಟಕ್ಕೆ ಪುಟ್ಟ ಪೆಟ್ಟಿಗೆಯನ್ನೂ ಕಟ್ಟಿ, ಹಗಲಿನಲ್ಲಿ 15ರಿಂದ 30 ನಿಮಿಷಗಳಿಗೊಮ್ಮೆ, ರಾತ್ರಿಯಲ್ಲಿ ಸಾಮಾನ್ಯವಾಗಿ ಇನ್ನಷ್ಟು ವಿರಳವಾಗಿ, 24 ಗಂಟೆಗಳ ಕಾಲ ಅಳೆಯುವ ಪದ್ಧತಿಯೊಂದುಂಟು.

ತಪ್ಪು ಕಲ್ಪನೆ: ವೈದ್ಯರು ಅಳೆದದ್ದೇ ನಿಜವಾದ ಒತ್ತಡ.
ಸತ್ಯ: ವೈದ್ಯರ ಸನ್ನಿಧಿಯ ಅಳುಕಿನಿಂದಲೇ ಕೆಲವರ ಒತ್ತಡ 140/90ನ್ನು ಮೀರಿ, ಮನೆ ಸೇರಿದ ಬಳಿಕ ಸಹಜ ಸ್ಥಿತಿಗೆ ಇಳಿಯುತ್ತದೆ. ಮತ್ತೆ ಕೆಲವರಲ್ಲಿ, ಆಸ್ಪತ್ರೆಯಲ್ಲಿ ಸೌಮ್ಯವಾಗಿ ತೋರಿದ ಒತ್ತಡವೇ ದುಡಿಮೆಯ ನಡುವೆ ಮೇಲೇರಿ, ಯಾರ ಗಮನಕ್ಕೂ ಬಾರದೆ ಹೃದಯ, ಮಿದುಳು, ಮೂತ್ರಪಿಂಡಗಳನ್ನು ಪೀಡಿಸುತ್ತದೆ. ಈ ಮರೆಯ ಒತ್ತಡವೇ ಹೆಚ್ಚು ಅಪಾಯಕರ. ಅಹೋರಾತ್ರಿಯ ಸರಾಸರಿ 130/80 ಅಥವಾ ಅದಕ್ಕೂ ಮೇಲಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಗಣಿಸುತ್ತಾರೆ.

ತಪ್ಪು ಕಲ್ಪನೆ: ತಲೆಸುತ್ತು, ತಲೆನೋವು ಇಲ್ಲದವರಿಗೆ ಬಿ.ಪಿ. ಇಲ್ಲ.
ಸತ್ಯ: ಬಹುಮಂದಿಗೆ ಯಾವ ಲಕ್ಷಣವೂ ಕಾಣಿಸದು, ಅಳೆದಲ್ಲದೆ ತಿಳಿಯುವ ದಾರಿಯಿಲ್ಲ.

ತಪ್ಪು ಕಲ್ಪನೆ: ಮಲಗಿದವನ ಒತ್ತಡವನ್ನು ಅಳೆಯುವುದು ವ್ಯರ್ಥ.
ಸತ್ಯ: ನಿದ್ರೆಯಲ್ಲಿ ಒತ್ತಡ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯುವುದು ಸಹಜಧರ್ಮ. ಇಳಿಯದೆ ನಿಂತರೆ, ಅಥವಾ ಇರುಳಲ್ಲೇ ಏರಿದರೆ, ಮೂತ್ರಪಿಂಡದ ರೋಗ, ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ಕಟ್ಟುವ ವ್ಯಾಧಿ ಮುಂತಾದವುಗಳತ್ತ ದೃಷ್ಟಿ ಹರಿಸಬೇಕಾಗುತ್ತದೆ. ಆದುದರಿಂದ ರಾತ್ರಿಯ ಅಂಕೆಗೆ ಮಹತ್ವ ಹೆಚ್ಚು. ಆದರೆ ರಾತ್ರಿಯೆಂದರೆ ಇಲ್ಲಿ ಗಡಿಯಾರದ ರಾತ್ರಿಯಲ್ಲ, ನಿದ್ರೆಯ ಅವಧಿ. ಕೊಯ್ಲಿನ ಕಾಲದಲ್ಲಿ ನಡುರಾತ್ರಿಯವರೆಗೆ ಅಡಿಕೆ ಸುಲಿಯುವವರೂ, ಬೇಯಿಸುವ ಹಂಡೆಯ ಮುಂದೆ ಎಚ್ಚರವಿರುವವರೂ ತಾವು ಮಲಗಿದ, ಎದ್ದ, ಮಾತ್ರೆ ನುಂಗಿದ ಹೊತ್ತುಗಳನ್ನು ಬರೆದಿಡದಿದ್ದರೆ, ದುಡಿಮೆಯ ಏರಿಕೆಯೇ ನಿದ್ರೆಯ ದೋಷವೆಂದು ವೈದ್ಯರಿಗೆ ತೋರೀತು. ಸಾಧ್ಯವಾದರೆ ಎಂದಿನ ದಿನಚರಿಯ ದಿನವನ್ನೇ ಆರಿಸಿಕೊಳ್ಳತಕ್ಕದ್ದು. ಪಟ್ಟಿ ಬಿಗಿಯುವಾಗ ತೋಳನ್ನು ಅಲುಗಿಸದಿರತಕ್ಕದ್ದು.

ತಪ್ಪು ಕಲ್ಪನೆ: ಅಂಕೆ ಸರಿಹೋದರೆ ಮಾತ್ರೆ ಬಿಡಬಹುದು.
ಸತ್ಯ: ಅನೇಕ ವೇಳೆ ಅದು ಸರಿಹೋಗಿರುವುದು ಮಾತ್ರೆಯ ದೆಸೆಯಿಂದಲೇ. ಹಿಂದಿನ ದಿನ ನುಂಗಿದ ಮಾತ್ರೆಯ ಪ್ರಭಾವ ಮರುದಿನದ ಬೆಳಗಿನವರೆಗೆ ಉಳಿಯುತ್ತದೆಯೇ ಎಂಬುದನ್ನೂ ಈ ಪರೀಕ್ಷೆ ತೋರಿಸಬಲ್ಲುದು; ಪ್ರಮಾಣವನ್ನಾಗಲಿ ಹೊತ್ತನ್ನಾಗಲಿ ಬದಲಿಸುವ ನಿರ್ಣಯ ಮಾತ್ರ ವೈದ್ಯರದು.

ತಪ್ಪು ಕಲ್ಪನೆ: ಈ ಯಂತ್ರ ದೊರೆಯದಿದ್ದರೆ ಬೇರೆ ಉಪಾಯವಿಲ್ಲ.
ಸತ್ಯ: ತೋಳಿಗೆ ಕಟ್ಟುವ ಮನೆಬಳಕೆಯ ಯಂತ್ರದಿಂದ, 5 ನಿಮಿಷ ಸುಮ್ಮನೆ ಕುಳಿತ ಬಳಿಕ, ಬೆಳಗ್ಗೆ ಎರಡು ಬಾರಿ, ಸಂಜೆ ಎರಡು ಬಾರಿಯಂತೆ ಒಂದು ವಾರ ಅಳೆದು ಬರೆದಿಟ್ಟರೆ, ಇರುಳಿನ ಸ್ಥಿತಿ ತಿಳಿಯದಿದ್ದರೂ, ವೈದ್ಯರಿಗೆ ಒಂದು ಬಿಡಿ ಅಂಕೆಗಿಂತ ಎಷ್ಟೋ ಮೇಲಾದ ಆಧಾರ ದೊರೆಯುತ್ತದೆ. ಅಲ್ಲಿ ಸರಾಸರಿ 135/85 ಮುಟ್ಟಿದರೆ ತಡಮಾಡದೆ ಆ ಚೀಟಿಯೊಡನೆ ವೈದ್ಯರನ್ನು ಕಾಣುವುದು ಕ್ಷೇಮ.