ಕಾಲಿನ ನಾಳ ಎದೆಗೆ ಬಂದ ಮೇಲೆ

ಬೈಪಾಸ್ ಆಗಿ ಮನೆಗೆ ಬಂದವರನ್ನು ನೋಡಲು ಬರುವ ನೆಂಟರು ಧೈರ್ಯ ಹೇಳುವ ಬಗೆ ಒಂದೇ: ‘ದೊಡ್ಡ ಗಂಡಾಂತರ ಕಳೀತು, ಇನ್ನು ಇಪ್ಪತ್ತು ವರ್ಷ ಯೋಚನೆ ಇಲ್ಲ ಬಿಡಿ.’ ಆ ಮಾತಿನಲ್ಲಿ ಪ್ರೀತಿಯಿದೆ, ಅರ್ಧ ಸತ್ಯವೂ ಇದೆ. ಉಳಿದರ್ಧವನ್ನು ಕಂಡುಕೊಳ್ಳಲು ವೈದ್ಯರಿಗೇ ದಶಕಗಳು ಹಿಡಿದವು. ನಾವು ಬೈಪಾಸ್ ಕಥೆಯನ್ನು ಮೊದಲ ಶಸ್ತ್ರಚಿಕಿತ್ಸೆಯ ಗೆಲುವಿನಲ್ಲೇ ಮುಗಿಸಿಬಿಡುತ್ತೇವೆ. ರೋಗಿಗೆ ಬೇಕಾದ ಕಥೆ ಶುರುವಾಗುವುದು ಅಲ್ಲಿಂದಾಚೆಗೆ.

ಹೃದಯದ ನಾಳಗಳನ್ನು ಕಣ್ಣಾರೆ ಕಾಣುವುದು ಸಾಧ್ಯವಾದದ್ದು ಒಂದು ಆಕಸ್ಮಿಕದಿಂದ. 1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಕವಾಟದ ತೊಂದರೆಯಿದ್ದ 26 ವರ್ಷದ ಯುವಕನನ್ನು ಪರೀಕ್ಷಿಸುತ್ತಿದ್ದರು. ರಕ್ತನಾಳದೊಳಗೆ ತೂರಿಸಿದ್ದ ಕೊಳವೆಯ ತುದಿ ಜಾರಿ, ಮಹಾಪಧಮನಿಗೆ ಬಿಡಬೇಕಿದ್ದ, ಎಕ್ಸ್-ರೇಯಲ್ಲಿ ಕಾಣುವ ದ್ರಾವಣ ನೇರ ಬಲ ಕರೋನರಿ ನಾಳಕ್ಕೆ ನುಗ್ಗಿತು. ಹೃದಯ ಕೆಲವು ಕ್ಷಣ ನಿಂತೇಹೋಯಿತು. ಕೆಮ್ಮುವಂತೆ ಸೋನ್ಸ್ ಕೂಗಿ ಹೇಳಿದರು. ಯುವಕ ಕೆಮ್ಮಿದ, ಬಡಿತ ಮರಳಿತು. ಹಾಗೆ ದ್ರಾವಣ ಹೊಕ್ಕರೆ ಸಾವೇ ಗತಿ ಎಂಬ ನಂಬಿಕೆ ಅಂದು ಸುಳ್ಳಾಯಿತು, ಕರೋನರಿ ಆಂಜಿಯೋಗ್ರಾಮ್ ಹುಟ್ಟಿತು.

1962ರಲ್ಲಿ ಅದೇ ಆಸ್ಪತ್ರೆಗೆ ಅರ್ಜೆಂಟೀನಾದ ರೆನೆ ಫವಾಲೊರೊ ಬಂದರು. ತಮ್ಮ ದೇಶದ ಹಳ್ಳಿಯೊಂದರಲ್ಲಿ 12 ವರ್ಷ ವೈದ್ಯರಾಗಿ ದುಡಿದವರು. ಕೆಲಸ ಮುಗಿದ ಮೇಲೆ ಸೋನ್ಸ್ ತೆಗೆದ ಫಿಲ್ಮುಗಳ ಮುಂದೆ ಕೂತುಬಿಡುತ್ತಿದ್ದರು. 1967ರ ಮೇ 9ರಂದು 51 ವರ್ಷದ ಮಹಿಳೆಯೊಬ್ಬರ ಮುಚ್ಚಿದ ಕರೋನರಿ ನಾಳಕ್ಕೆ ಆಕೆಯದೇ ಕಾಲಿನ ಅಭಿಧಮನಿಯ ತುಂಡನ್ನು ಜೋಡಿಸಿದರು. 1964ರಲ್ಲೇ ಲೆನಿನ್‌ಗ್ರಾಡ್‌ನಲ್ಲಿ ವಸಿಲಿ ಕೊಲೆಸೊವ್ ಎದೆಗೋಡೆಯೊಳಗಿನ ಅಪಧಮನಿಯನ್ನು ಹೃದಯಕ್ಕೆ ಹೊಲಿದಿದ್ದರು. ಆದರೂ ಜಗತ್ತು ಹಿಡಿದದ್ದು ಫವಾಲೊರೊ ತೋರಿದ ದಾರಿಯನ್ನು. 1975ರ ಹೊತ್ತಿಗೆ ಅದು ಮದರಾಸಿನ ಪೆರಂಬೂರಿನ ರೈಲ್ವೆ ಆಸ್ಪತ್ರೆಗೂ ಬಂತು, ಅಲ್ಲಿ ಡಾ. ಕೆ.ಎಂ. ಚೆರಿಯನ್ ಭಾರತದ ಮೊದಲ ಬೈಪಾಸ್ ಮಾಡಿದರು.

ಕಾಲಿನ ನಾಳ ಉದ್ದವಾಗಿದೆ, ತೆಗೆಯುವುದು ಸುಲಭ, ತೆಗೆದರೂ ಕಾಲು ನಡೆಯುತ್ತದೆ. ಆದರೆ ಅದು ತೀರ ಕಡಿಮೆ ಒತ್ತಡದಲ್ಲಿ ರಕ್ತವನ್ನು ಹೃದಯದ ಕಡೆಗೆ ಮರಳಿಸಲು ರೂಪುಗೊಂಡ ನಾಳ. ಅದನ್ನು ಮಹಾಪಧಮನಿಗೆ ಹೊಲಿದ ಗಳಿಗೆಯಿಂದ 120ರ ಆಸುಪಾಸಿನ ಒತ್ತಡ ಬಡಿಯತೊಡಗುತ್ತದೆ. ಮೊದಲ ತಿಂಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ವರ್ಷದೊಳಗೆ ಒಳಪದರ ದಪ್ಪವಾಗುವ ಕಾಟ, ಆಮೇಲೆ ಹಳೆಯ ಶತ್ರುವೇ ಆದ ಕೊಬ್ಬಿನ ಗಂಟು. ಹತ್ತು ವರ್ಷ ಕಳೆಯುವಷ್ಟರಲ್ಲಿ ಹೀಗೆ ಜೋಡಿಸಿದ ಕಾಲಿನ ನಾಳಗಳಲ್ಲಿ, ಅಂದರೆ ಗ್ರಾಫ್ಟ್‌ಗಳಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಮುಚ್ಚಿರುತ್ತವೆ ಎಂಬುದು ಮರಳಿ ಮರಳಿ ಆಂಜಿಯೋಗ್ರಾಮ್ ಮಾಡಿದಾಗ ಗೊತ್ತಾಯಿತು.

ಕೊಲೆಸೊವ್ ಆರಿಸಿದ್ದ ಎದೆಯ ಅಪಧಮನಿಗೆ ನ್ಯಾಯ ಸಿಕ್ಕಿದ್ದು ಆಗ. 1986ರಲ್ಲಿ ಕ್ಲೀವ್‌ಲ್ಯಾಂಡ್‌ನ ಫ್ಲಾಯ್ಡ್ ಲೂಪ್ ಮತ್ತು ಸಂಗಡಿಗರು ಹತ್ತು ವರ್ಷಗಳ ಲೆಕ್ಕ ಮುಂದಿಟ್ಟರು: ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಎದೆಯ ಅಪಧಮನಿ ಜೋಡಿಸಿಕೊಂಡವರು, ಕಾಲಿನ ನಾಳ ಮಾತ್ರ ಹಾಕಿಸಿಕೊಂಡವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಹತ್ತು ವರ್ಷದ ನಂತರವೂ ಈ ಅಪಧಮನಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ತೆರೆದೇ ಇರುತ್ತದೆ.

ಅದಕ್ಕೂ ಒಂದು ದುರ್ಬಲ ಜಾಗವಿದೆ. ಅದರ ಬುಡ ಇರುವುದು ಎಡಗೈಗೆ ಹೋಗುವ ದೊಡ್ಡ ನಾಳದಲ್ಲಿ. ಆ ದೊಡ್ಡ ನಾಳವೇ ಮೊದಲಲ್ಲಿ ಕಿರಿದಾದರೆ, ಎಡಗೈ ದುಡಿಯುವಾಗ ರಕ್ತ ಹೃದಯವನ್ನು ಬಿಟ್ಟು ಕೈಯತ್ತ ಹಿಂದಕ್ಕೆ ಹರಿಯಬಹುದು. ಎಡಗೈಯಲ್ಲಿ ನೀರು ಸೇದಿದರೆ, ಬಟ್ಟೆ ಹಿಂಡಿದರೆ ಎದೆ ಹಿಂಡುತ್ತದೆ. ಇದರ ಸುಳಿವು ಹಿಡಿಯಲು ದೊಡ್ಡ ಯಂತ್ರ ಬೇಡ, ಎರಡೂ ತೋಳುಗಳಲ್ಲಿ ಬಿಪಿ ನೋಡಿದರೆ ಸಾಕು. ಎಡಗೈಯ ಒತ್ತಡ ಬಲಗೈಗಿಂತ 15–20 ಅಂಕ ಕಡಿಮೆಯಿದ್ದರೆ ಸಂಶಯ ಪಡಬೇಕು. ಕಿರಿದಾದ ಜಾಗಕ್ಕೆ ಸ್ಟೆಂಟ್ ಹಾಕಿದರೆ ಹೆಚ್ಚಿನವರಿಗೆ ಪರಿಹಾರ ಸಿಗುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಯಾವ ಚಿಕಿತ್ಸಾಲಯವೂ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಳಿದವರಲ್ಲಿ ಪತ್ತೆಯ ದಾರಿ ಇಸಿಜಿ, ಎಕೋ, ಟ್ರೋಪೋನಿನ್ ರಕ್ತಪರೀಕ್ಷೆಗಳಿಂದ ಶುರುವಾಗಿ, ಹೃದಯಸ್ನಾಯುವಿಗೆ ಎಲ್ಲಿ ರಕ್ತ ಸಾಲದೆಂದು ತೋರುವ ಸ್ಕ್ಯಾನ್‌ಗಳ ಮೂಲಕ ಆಂಜಿಯೋಗ್ರಾಮ್‌ಗೆ ಮುಟ್ಟುತ್ತದೆ. ಗ್ರಾಫ್ಟ್‌ಗಳು ದಪ್ಪ, ಅಲುಗಾಟವೂ ಕಡಿಮೆ. ಹಾಗಾಗಿ ಸಿಟಿ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣುತ್ತವೆ.

ಚಿಕಿತ್ಸೆ ಮಾತ್ರ ಸುಲಭವಾಗಿಲ್ಲ. ಮುಪ್ಪಾದ ಕಾಲಿನ ನಾಳದೊಳಗಿನ ಕೊಬ್ಬು ಹುಡಿಹುಡಿ. ಬಲೂನು ಉಬ್ಬಿಸಿದರೆ ಚೂರುಗಳು ಕೆಳಗೆ ಹರಿದು ಸಣ್ಣ ನಾಳಗಳನ್ನು ಕಟ್ಟುತ್ತವೆ. 2002ರಲ್ಲಿ ಪ್ರಕಟವಾದ, 801 ರೋಗಿಗಳ ಅಧ್ಯಯನದಲ್ಲಿ ಆ ಚೂರುಗಳನ್ನು ತಡೆದು ಹೀರಿ ತೆಗೆಯುವ ಸಾಧನ ಬಳಸಿದಾಗ, ತಿಂಗಳೊಳಗಿನ ಗಂಭೀರ ತೊಂದರೆಗಳು ಶೇ 16.5ರಿಂದ 9.6ಕ್ಕೆ ಇಳಿದವು. ಸಾಧ್ಯವಿದ್ದಲ್ಲಿ ಗ್ರಾಫ್ಟ್ ಬಿಟ್ಟು ಹುಟ್ಟುನಾಳವನ್ನೇ ತೆರೆಯುವುದು ಲೇಸೆಂಬ ಒಲವು ಈಗ ಬೆಳೆದಿದೆ. ಮತ್ತೊಮ್ಮೆ ಎದೆ ತೆರೆಯುವುದು ಮೊದಲ ಸಲಕ್ಕಿಂತ ಅಪಾಯಕರ, ಹಾಗಾಗಿ ಅದು ಕೆಲವರಿಗೆ ಮಾತ್ರ.

ಎಲ್ಲಕ್ಕಿಂತ ದೊಡ್ಡ ಗೆಲುವು ಬಂದದ್ದು ಮಾತ್ರೆಯಿಂದ. 1997ರಲ್ಲಿ ಪ್ರಕಟವಾದ, 1,351 ಜನರ ಅಧ್ಯಯನದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಬಿಗಿಯಾಗಿ ಇಳಿಸಿದವರ ಗ್ರಾಫ್ಟ್‌ಗಳಲ್ಲಿ ಶೇ 27ರಷ್ಟು ಹದಗೆಟ್ಟಿದ್ದರೆ, ಸಾಧಾರಣವಾಗಿ ಇಳಿಸಿದವರಲ್ಲಿ ಅದು ಶೇ 39. ಆಸ್ಪಿರಿನ್ ಗ್ರಾಫ್ಟ್ ಉಳಿಸುತ್ತದೆಂಬುದು ಅದಕ್ಕೂ ಮೊದಲೇ ಸಾಬೀತಾಗಿತ್ತು.

ಆದ್ದರಿಂದ ಬೈಪಾಸ್ ಆದವರಲ್ಲಿ ಒಂದು ವಿನಂತಿ. ನಾಲ್ಕು ವರ್ಷ ಚೆನ್ನಾಗಿದ್ದೇನೆಂದು ಮಾತ್ರೆಗಳನ್ನು ನೀವಾಗಿಯೇ ಬಿಡಬೇಡಿ. ನಡೆದಾಗ ಹಳೆಯ ಎದೆನೋವು, ಏದುಸಿರು ಮರಳಿದರೆ ಗ್ಯಾಸ್ಟ್ರಿಕ್ ಎಂದು ತಳ್ಳದೆ ವೈದ್ಯರನ್ನು ಕಾಣಿ. ಸುಮ್ಮನೆ ಕೂತಾಗಲೂ ನೋವು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಯಾವ ನಾಳವನ್ನು ಎಲ್ಲಿಗೆ ಜೋಡಿಸಿದ್ದಾರೆಂದು ಬರೆದಿರುವ ಡಿಸ್ಚಾರ್ಜ್ ಸಮ್ಮರಿಯನ್ನು ಜೋಪಾನವಾಗಿಟ್ಟು, ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಿ.